ಮುರಿದ ಸೇಬಿನ ಮರಕ್ಕೆ ಆರು ತಳಿಯ ಕಸಿ: 2021ರಿಂದ ಇಲ್ಲಿಯವರೆಗೆ

2021ರ ಫೆಬ್ರವರಿಯ ಒಂದು ರಾತ್ರಿ ಹಿತ್ತಲಲ್ಲಿ ಏನೋ ಬಿದ್ದ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಸೇಬಿನ ಮರದ ಮೂರು ದೊಡ್ಡ ಕೊಂಬೆಗಳಲ್ಲಿ ಒಂದು ಹಿಮದ ಭಾರಕ್ಕೆ ಸೀಳಿ ನೆಲ ಮುಟ್ಟಿತ್ತು. ನಾವಿರುವುದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಕ್ಕ, ಒಂಟಾರಿಯೊ ಸರೋವರದ ಹತ್ತಿರ. ಇಲ್ಲಿ ಹಿಮಕ್ಕೇನೂ ಬರವಿಲ್ಲ. ಮರ ಕಡಿಯುವವರು ಬಂದು ನೋಡಿ, ಇದನ್ನು ಬುಡಸಮೇತ ತೆಗೆಸಿಬಿಡಿ, ಹೇಗೂ ಹಳೇ ಮರ, ಹಣ್ಣೂ ಅಷ್ಟಕ್ಕಷ್ಟೇ ಅಂದರು.

ಹಣ್ಣಿನ ವಿಷಯದಲ್ಲಿ ಅವರು ಹೇಳಿದ್ದು ಸುಳ್ಳಲ್ಲ. ಮನೆ ತಗೊಂಡ ವರ್ಷ ಅಕ್ಟೋಬರಿನಲ್ಲಿ ಮೊದಲ ಸಲ ಕಿತ್ತು ತಿಂದಿದ್ದೆ. ಕಡುಕೆಂಪು ಬಣ್ಣ, ದಪ್ಪ ಸಿಪ್ಪೆ, ಕೆಳಗೆ ಐದು ಉಬ್ಬು. ಎರಡು ವಾರ ಇಟ್ಟರೆ ಒಳಗೆ ಹಿಟ್ಟು ಹಿಟ್ಟು. ರೆಡ್ ಡೆಲಿಷಸ್. ಆದರೆ ಆ ಆಕಾರ ನೋಡಿದ ತಕ್ಷಣ ನನಗೆ ನೆನಪಾಗಿದ್ದು ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಹಣ್ಣಿನ ಗಾಡಿ. ನಾವು ಚಿಕ್ಕವರಿದ್ದಾಗ ಸಿಮ್ಲಾ ಸೇಬು ಅಂತ ಮಾರುತ್ತಿದ್ದದ್ದು ಇದೇ ಮನೆತನದ ಹಣ್ಣು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಪ್ಪ ಎರಡು ತರುತ್ತಿದ್ದರು, ಒಂದು ರೋಗಿಗೆ, ಇನ್ನೊಂದು ನಮಗೆಲ್ಲ ಹೋಳು ಮಾಡಿ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನೋ ಅಮೆರಿಕದವರು 1916ರಲ್ಲಿ ಈ ಡೆಲಿಷಸ್ ಗಿಡಗಳನ್ನು ಇಲ್ಲಿಂದ ತರಿಸಿ ಸಿಮ್ಲಾ ಮೇಲಿನ ಕೋಟ್‌ಗಢದಲ್ಲಿ ನೆಟ್ಟರು. ಮುಂದೆ ಅವರು ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡು ಅಲ್ಲೇ ಉಳಿದರು. ಹಾಗೆ ನೋಡಿದರೆ ಆ ಗಾಡಿಯ ಹಣ್ಣೂ ನನ್ನ ಹಿತ್ತಲ ಹಣ್ಣೂ ನೆಂಟರು. ಕಡಿಸೋಕೆ ಮನಸ್ಸು ಬರಲಿಲ್ಲ. ಕಾಂಡ ಗಟ್ಟಿ ಇತ್ತು, ಬೇರು ಗಟ್ಟಿ ಇತ್ತು. ಬೇರೆ ಹಣ್ಣು ಬೇಕು ಅಂದರೆ ಕೊಂಬೆ ಬದಲಾಯಿಸಿದರೆ ಸಾಕು, ಅದಕ್ಕೇ ಅಲ್ವಾ ಕಸಿ ಇರೋದು.

ಮೊದಲು ರಿಪೇರಿ. ಸೀಳಿದ ಕೊಂಬೆಯನ್ನು ಒಂದೇ ಸಲ ಮೇಲಿಂದ ಕೊಯ್ದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಅದಕ್ಕೆ ಮೂರು ಕೊಯ್ತ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲು ಭಾಗ ಗರಗಸ ಹಾಕಬೇಕು. ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ ಕೊಯ್ಯಬೇಕು. ಭಾರ ಇಳಿದ ಮೇಲೆ ಉಳಿದ ಮೋಟನ್ನು ಬುಡದ ಹತ್ತಿರ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸುತ್ತಲೂ ಉಬ್ಬಿರುವ ಉಂಗುರ ಇರುತ್ತಲ್ಲ, ಅದನ್ನು ಬಿಟ್ಟು ಅದರ ಹೊರಗೆ ಕೊಯ್ಯಬೇಕು. ಗಾಯ ಮುಚ್ಚುವುದು ಆ ಉಂಗುರವೇ. ಅದನ್ನು ಕೊಯ್ದರೆ ಗಾಯ ಮಾಯುವುದು ಬಹಳ ನಿಧಾನ. ಬಣ್ಣ, ಟಾರು ಏನೂ ಬಳಿಯಲಿಲ್ಲ. ಈಗ ಆ ಗಾಯದ ಸುತ್ತ ಹೊಸ ತೊಗಟೆ ಬಳೆಯ ಹಾಗೆ ಬೆಳೆದು ಬಂದಿದೆ, ಮಧ್ಯೆ ಮೂರು ಬೆರಳಿನಷ್ಟು ಮಾತ್ರ ಬಾಕಿ.

ಇನ್ನು ತಳಿ. ಪಕ್ಕದ ಮನೆಯ ಹಿರಿಯರೊಬ್ಬರು ಸೇಬಿನ ತೋಟದಲ್ಲೇ ಬೆಳೆದವರು. ನಾನು ಗರಗಸ ಹಿಡಿದದ್ದು ನೋಡಿ ಬೇಲಿ ಹತ್ತಿರ ಬಂದರು. ಏನು ಹಾಕ್ತೀಯ ಅಂತ ಕೇಳಿದರು. ಹನಿಕ್ರಿಸ್ಪ್ ಅಂದೆ. ಅದನ್ನೂ ಹಾಕು, ಆದರೆ ಈ ಊರಲ್ಲಿದ್ದುಕೊಂಡು ನಾರ್ದರ್ನ್ ಸ್ಪೈ ಹಾಕದಿದ್ದರೆ ಹೇಗೆ ಅಂದು, ತಮ್ಮ ಮರದ ಕಡ್ಡಿ ತಾವೇ ಕೊಯ್ದು ಕೊಟ್ಟರು. ನಾರ್ದರ್ನ್ ಸ್ಪೈ ಹುಟ್ಟಿದ್ದು ಇಲ್ಲಿಂದ ಮುಕ್ಕಾಲು ಗಂಟೆ ದಾರಿಯ ಈಸ್ಟ್ ಬ್ಲೂಮ್‌ಫೀಲ್ಡಿನಲ್ಲಿ, 1800ರ ಸುಮಾರಿಗೆ. ಹೀಮನ್ ಚಾಪಿನ್ ಅನ್ನುವವರು ಕನೆಕ್ಟಿಕಟ್ಟಿನಿಂದ ತಂದ ಬೀಜದಿಂದ ಎದ್ದ ಸಸಿ ಅದು. ವಿಶೇಷ ಏನೆಂದರೆ ಆ ಮೊದಲ ಮರ ಒಂದು ಹಣ್ಣನ್ನೂ ಬಿಡದೆ ಸತ್ತುಹೋಯಿತು. ಅದರ ಬುಡದಿಂದ ಎದ್ದ ಮರಿಗಳನ್ನು ಇನ್ನೊಬ್ಬರು ಕಿತ್ತು ನೆಟ್ಟಿದ್ದರಿಂದ ತಳಿ ಉಳಿಯಿತು. ಇವತ್ತು ಎಲ್ಲೇ ಸ್ಪೈ ಮರ ಇದ್ದರೂ ಅದು ಆ ಮರಿಗಳ ಮುಂದುವರಿಕೆ. ಬೀಜ ಹಾಕಿದರೆ ಬರುವುದಿಲ್ಲ. ಸೇಬಿನ ಬೀಜದಿಂದ ತಾಯಿಯ ಹಾಗಿನ ಹಣ್ಣು ಬರೋದೇ ಇಲ್ಲ, ಪ್ರತಿ ಬೀಜವೂ ಹೊಸ ತಳಿ. ಯಾರೋ ಒಬ್ಬರು ಕಡ್ಡಿ ಕೊಯ್ದು ಇನ್ನೊಂದು ಮರಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಆ ರುಚಿ ಅಲ್ಲಿಗೇ ಮುಗಿಯಿತು.

ಮಾರ್ಚ್ 2021. ಕಡ್ಡಿ ಸಂಗ್ರಹ. ಮರ ಇನ್ನೂ ನಿದ್ದೆಯಲ್ಲಿರುವಾಗಲೇ, ಹೋದ ವರ್ಷ ಬೆಳೆದ ಪೆನ್ಸಿಲ್ ದಪ್ಪದ ಕಡ್ಡಿ ಕೊಯ್ದು, ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು. ಪೇಪರ್ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ಒದ್ದೆ. ಸ್ಪೈ ಕಡ್ಡಿ ಪಕ್ಕದ ಮನೆಯಿಂದ, ಗೋಲ್ಡನ್ ರಸೆಟ್ ಮತ್ತು ಎಸೋಪಸ್ ಸ್ಪಿಟ್ಜೆನ್‌ಬರ್ಗ್ ಕಡ್ಡಿಗಳನ್ನು ಅಂಚೆಯಲ್ಲಿ ತರಿಸಿದೆ. ಸ್ಪಿಟ್ಜೆನ್‌ಬರ್ಗ್ ಇದೇ ರಾಜ್ಯದ ಎಸೋಪಸ್‌ನ ಹಳೇ ತಳಿ, ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ತಮ್ಮ ಮಾಂಟಿಸೆಲೋ ತೋಟದಲ್ಲಿ ನೆಡಿಸಿದ್ದರು. ಅದರ ಬಗ್ಗೆ ಓದಿ ಓದಿ ಆಸೆ ಜಾಸ್ತಿಯಾಗಿತ್ತು.

ಇಲ್ಲೊಂದು ತಪ್ಪಾಯಿತು. ರಸೆಟ್ ಕಡ್ಡಿಯ ಕಟ್ಟನ್ನು ತರಕಾರಿ ಡ್ರಾಯರಿನಲ್ಲಿಟ್ಟೆ. ಅದೇ ಡ್ರಾಯರಿನಲ್ಲಿ ತಿನ್ನೋಕೆ ತಂದ ಸೇಬೂ ಇತ್ತು. ಹಣ್ಣಾಗುವ ಸೇಬು ಎಥಿಲೀನ್ ಅನಿಲ ಬಿಡುತ್ತದೆ, ಅದು ಕಡ್ಡಿಯ ಕಣ್ಣುಗಳನ್ನು ಕೊಲ್ಲುತ್ತದೆ. ಎರಡು ತಿಂಗಳು ಹಾಗೇ ಇತ್ತು. ಮೂರು ರಸೆಟ್ ಕಡ್ಡಿ ಕಟ್ಟಿದೆ, ಮೂರರಲ್ಲಿ ಒಂದೂ ಚಿಗುರಲಿಲ್ಲ. ಕಡ್ಡಿ ಇಟ್ಟ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಏನೂ ಇಡಬೇಡಿ. ಈಗ ನಾನು ಗ್ಯಾರೇಜಿನ ಹಳೇ ಚಿಕ್ಕ ಫ್ರಿಜ್ಜನ್ನು ಮಾರ್ಚಿನಿಂದ ಮೇವರೆಗೆ ಕಡ್ಡಿಗೆ ಅಂತಲೇ ಬಿಟ್ಟಿದ್ದೇನೆ.

ಮೇ 2021, ಮೊದಲ ಶನಿವಾರ. ಕಸಿ ಕಟ್ಟಿದ ದಿನ. ದಪ್ಪ ಕೊಂಬೆಗೆ ತೊಗಟೆ ಕಸಿ ಸುಲಭ. ಅದಕ್ಕೆ ಹದ ಮುಖ್ಯ. ಎಲೆ ಒಡೆದು ಹೂಮೊಗ್ಗು ಗುಲಾಬಿ ಬಣ್ಣಕ್ಕೆ ಬರುವ ಹೊತ್ತಿಗೆ ಮರದಲ್ಲಿ ರಸ ಏರಿರುತ್ತದೆ, ಚಾಕು ತುದಿಯಲ್ಲಿ ಎತ್ತಿದರೆ ತೊಗಟೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಮೊದಲು ಮಾಡಿದರೆ ತೊಗಟೆ ಹರಿಯುತ್ತದೆ. ಶ್ರೀನಿವಾಸಪುರದಲ್ಲಿ ನಮ್ಮ ಮಾವ, ಅಮ್ಮನ ತಮ್ಮ, ಮಾವಿಗೆ ಕಸಿ ಕಟ್ಟುತ್ತಲೇ ಮುದುಕರಾದವರು. ಅವರನ್ನು ಬೆಳಿಗ್ಗೆ ಎಂಟಕ್ಕೆ ವಿಡಿಯೋದಲ್ಲಿ ಹಿಡಿದೆ, ಅಲ್ಲಿ ಆಗ ಸಂಜೆ ಐದೂವರೆ.

"ಮಾವ, ಕಡ್ಡಿ ಹಿಂಗೆ ಕೊಯ್ದಿದ್ದೀನಿ, ಸರೀನಾ ನೋಡಿ."

"ಏನಮ್ಮಾ ಅದು, ಮೆಟ್ಲು ಮೆಟ್ಲಾಗಿದೆ. ಚಾಕು ಎಳೀಬಾರ್ದು ಕಣಮ್ಮಾ, ತೋಳು ಗಟ್ಟಿ ಇಟ್ಕೊಂಡು ಒಂದೇ ಕೊಯ್ತ. ಒಂದೇ ಸಲಕ್ಕೆ ಕನ್ನಡಿ ಥರ ಬರ್ಬೇಕು."

ಒಣ ಕಡ್ಡಿಗಳ ಮೇಲೆ ಇಪ್ಪತ್ತು ಸಲ ಕೊಯ್ದು ಕಲಿತ ಮೇಲೆ ಒಂದೇ ಸಲಕ್ಕೆ ಬಂತು. ಒಂದು ಬದಿ ಮಾತ್ರ ಚೂಪು ಹಿಡಿಸಿದ ಕಸಿ ಚಾಕು ಇದ್ದರೆ ಕೊಯ್ತ ಚಪ್ಪಟೆಯಾಗಿ ಬರುತ್ತದೆ, ಅಡುಗೆಮನೆ ಚಾಕು ಒಳಗೆ ಬಾಗುತ್ತದೆ.

ಕೆಲಸ ಹೀಗೆ. ಎರಡು ಇಂಚು ದಪ್ಪದ ಕೊಂಬೆಯನ್ನು ನೇರವಾಗಿ ಕೊಯ್ದು ಮೋಟು ಮಾಡಿದೆ. ಕಸಿ ಕಡ್ಡಿಯಲ್ಲಿ ಮೂರು ಕಣ್ಣು ಉಳಿಸಿಕೊಂಡು, ಕೆಳಗಿನ ತುದಿಯಲ್ಲಿ ಒಂದು ಬದಿಗೆ ಎರಡು ಇಂಚು ಉದ್ದದ ಓರೆ ಕೊಯ್ತ, ಹಿಂಬದಿಗೆ ಅರ್ಧ ಇಂಚಿನ ಚಿಕ್ಕ ಓರೆ. ಮೋಟಿನ ತೊಗಟೆಯನ್ನು ಮೇಲಿನಿಂದ ಎರಡು ಇಂಚು ಉದ್ದಕ್ಕೆ ಸೀಳಿ, ಅಂಚನ್ನು ಸ್ವಲ್ಪ ಎತ್ತಿ, ಉದ್ದ ಕೊಯ್ತ ಒಳಗಿನ ಮರದ ಕಡೆಗೆ ಬರುವ ಹಾಗೆ ಕಡ್ಡಿಯನ್ನು ಕೆಳಗೆ ಇಳಿಸಿದೆ. ತೊಗಟೆಗೂ ಮರಕ್ಕೂ ನಡುವೆ ತೆಳ್ಳಗೆ ಹಸಿರು ಪದರ ಇರುತ್ತದೆ, ಕ್ಯಾಂಬಿಯಂ. ಎರಡೂ ಕಡೆಯ ಆ ಹಸಿರು ಒಂದಕ್ಕೊಂದು ತಾಗಬೇಕು, ಬೆಸೆದುಕೊಳ್ಳುವುದು ಅದೊಂದೇ. ಆಮೇಲೆ ಮುಕ್ಕಾಲು ಇಂಚಿನ ತೆಳು ಮೊಳೆ ಎರಡು ಹೊಡೆದು, ಸುತ್ತ ಎಲೆಕ್ಟ್ರಿಕಲ್ ಟೇಪು ಬಿಗಿಯಾಗಿ ಸುತ್ತಿ, ಮೋಟಿನ ತಲೆಗೂ ಕಡ್ಡಿಯ ತುದಿಗೂ ಕಸಿ ಮೇಣ ಬಳಿದೆ. ಎಲ್ಲಾದರೂ ಒಂದು ಸಣ್ಣ ಸಂದಿ ಉಳಿದರೂ ಕಡ್ಡಿ ಒಣಗುತ್ತದೆ, ಅದಕ್ಕೆ ಮಾರನೇ ದಿನ ಮತ್ತೆ ನೋಡಿ ಮೇಣ ಬಿರುಕು ಬಿಟ್ಟಲ್ಲಿ ಇನ್ನೊಮ್ಮೆ ಬಳಿಯಬೇಕು. ಒಂದೊಂದು ಮೋಟಿಗೆ ಮೂರು ಕಡ್ಡಿ. ಎಲ್ಲ ಬದುಕಿದರೆ ಮುಂದೆ ಚೆನ್ನಾಗಿರುವ ಒಂದನ್ನು ಉಳಿಸಿಕೊಂಡರಾಯಿತು, ಅಲ್ಲಿಯವರೆಗೆ ಉಳಿದವು ಗಾಯ ಮುಚ್ಚೋಕೆ ನೆರವಾಗುತ್ತವೆ.

ಒಟ್ಟು ಮೂರು ಮೋಟು, ಒಂಬತ್ತು ಕಡ್ಡಿ. ಮರದ ಉಳಿದ ಭಾಗ ಮುಟ್ಟಲಿಲ್ಲ. ಎಲ್ಲ ಕೊಂಬೆಯನ್ನೂ ಒಂದೇ ವರ್ಷ ಕಡಿದರೆ ಬೇರಿಗೆ ಊಟ ಕಳಿಸೋಕೆ ಎಲೆಯೇ ಇರುವುದಿಲ್ಲ, ಜೊತೆಗೆ ಮರ ಗಾಬರಿ ಬಿದ್ದ ಹಾಗೆ ಎಲ್ಲೆಂದರಲ್ಲಿ ನೀರುಚಿಗುರು, ಅಂದರೆ ಕೊಂಬೆಯಿಂದ ನೆಟ್ಟಗೆ ಮೇಲೇಳುವ ಚಿಗುರು, ಎಬ್ಬಿಸುತ್ತದೆ. ವರ್ಷಕ್ಕೆ ಮೂರನೇ ಒಂದು ಭಾಗ ಸಾಕು.

ಜೂನ್‌ನಲ್ಲಿ ಸ್ಪೈ ಮೂರೂ ಚಿಗುರಿದವು. ಅಂಚೆಯಲ್ಲಿ ಬಂದ ಸ್ಪಿಟ್ಜೆನ್‌ಬರ್ಗ್ ಎರಡು ಚಿಗುರಿತು. ಮೊದಲ ಎಲೆ ಬಿಚ್ಚಿದ ದಿನ ಮಾವನಿಗೆ ಫೋಟೋ ಕಳಿಸಿದೆ. ಅವರು "ಇನ್ನೂ ಖುಷಿ ಪಡ್ಬೇಡ, ಕಡ್ಡಿ ಒಳಗಿನ ರಸದಲ್ಲೇ ಚಿಗುರಿರುತ್ತೆ, ಒಂದು ತಿಂಗ್ಳು ನೋಡು" ಅಂದರು. ಅವರ ಮಾತು ನಿಜ, ಬೆಸೆಯದೇ ಚಿಗುರಿ ಆಮೇಲೆ ಬಾಡುವುದೂ ಇದೆ. ನಮ್ಮವು ಬಾಡಲಿಲ್ಲ. ಆದರೆ ಜುಲೈಯಲ್ಲಿ ಒಂದು ರಾಬಿನ್ ಹಕ್ಕಿ ಸ್ಪೈ ಚಿಗುರಿನ ಮೇಲೆ ಕೂತು ಬುಡಸಮೇತ ಕಿತ್ತುಬಿಟ್ಟಿತು. ಹಕ್ಕಿಗೆ ಎತ್ತರದ ತುದಿ ಬೇಕು, ಹೊಸ ಕಸಿಯೇ ಅಲ್ಲಿನ ಎತ್ತರದ ತುದಿ. ಅವತ್ತೇ ಪ್ರತಿ ಮೋಟಿಗೂ ಒಂದೊಂದು ಬಿದಿರು ಕಡ್ಡಿ ಕಟ್ಟಿದೆ, ಚಿಗುರಿಗಿಂತ ಒಂದಡಿ ಎತ್ತರಕ್ಕೆ. ಹಕ್ಕಿ ಬಿದಿರಿನ ಮೇಲೆ ಕೂರುತ್ತದೆ, ಚಿಗುರನ್ನು ಅದಕ್ಕೇ ಸಡಿಲವಾಗಿ ಕಟ್ಟಿದರೆ ಗಾಳಿಗೂ ಅಂಜಿಕೆ ಇಲ್ಲ. ಜಿಂಕೆ ಕಾಟಕ್ಕೆ ಆರಡಿ ತಂತಿ ಬಲೆ.

2022ರಲ್ಲಿ ಎರಡನೇ ಕೊಂಬೆ. ಹೋದ ವರ್ಷ ಎದ್ದ ನೀರುಚಿಗುರುಗಳು ಈಗ ಪೆನ್ಸಿಲ್ ದಪ್ಪ ಆಗಿದ್ದವು, ಅವಕ್ಕೆ ನಾಲಿಗೆ ಕಸಿ ಹಾಕಿದೆ. ಎರಡೂ ತುದಿ ಒಂದೇ ದಪ್ಪ, ಎರಡರಲ್ಲೂ ಒಂದೇ ಓರೆ, ನಡುವೆ ಸೀಳಿ ಒಂದರೊಳಗೊಂದು ಕೂರಿಸಿದರೆ ಮೊಳೆಯೂ ಬೇಡ. ಗೋಲ್ಡನ್ ರಸೆಟ್ ಮತ್ತೆ ತಂದು ಕಟ್ಟಿದೆ. ಜೊತೆಗೆ ಹನಿಕ್ರಿಸ್ಪ್, ಲಿಬರ್ಟಿ, ಹಾಕ್‌ಐ. ಹತ್ತರಲ್ಲಿ ಒಂಬತ್ತು ಹಿಡಿಯಿತು.

ಹಾಕ್‌ಐ ಯಾಕೆ ಅಂದರೆ ಅದೇ ಮೂಲ ಡೆಲಿಷಸ್. ಅಯೋವಾದ ಪೆರು ಅನ್ನೋ ಊರಿನ ಜೆಸ್ಸಿ ಹಯಾಟ್ ತೋಟದಲ್ಲಿ ಸಾಲು ತಪ್ಪಿ ಎದ್ದ ಸಸಿ, ಎರಡು ಸಲ ಕಡಿದರೂ ಮತ್ತೆ ಚಿಗುರಿತಂತೆ, ಆಮೇಲೆ ಅವರೇ ಬಿಟ್ಟರಂತೆ. 1893ರಲ್ಲಿ ಮಿಸೌರಿಯ ಸ್ಟಾರ್ಕ್ ನರ್ಸರಿಯವರ ಸ್ಪರ್ಧೆಯಲ್ಲಿ ಗೆದ್ದು ಡೆಲಿಷಸ್ ಅಂತ ಹೊಸ ಹೆಸರು ಪಡೆಯಿತು. ಆಗ ಅದು ಕೆಂಪು ಗೆರೆಗಳಿದ್ದ ಹಣ್ಣು. ಎಲ್ಲೋ ಒಂದು ಕೊಂಬೆಯಲ್ಲಿ ಇನ್ನೂ ಕೆಂಪಗೆ ಬಂದರೆ ಅದನ್ನೇ ಕಸಿ ಮಾಡಿದರು, ಅದರಲ್ಲಿ ಇನ್ನೂ ಕೆಂಪು ಬಂದದ್ದನ್ನು ಮತ್ತೆ. ಬಣ್ಣ ನೋಡಿ ನೋಡಿ ಆರಿಸುತ್ತಾ ರುಚಿ ಹಿಂದೆ ಬಿತ್ತು. ನನ್ನ ಮರ ಹಾಗೆ ಆರಿಸಿದ ಕಡುಕೆಂಪಿನದು. ಅದೇ ಮರಕ್ಕೆ ಅದರ ಮೂಲವನ್ನು ಕಟ್ಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ತಿಂದು ನೋಡಬೇಕು ಅನ್ನೋದು ನನ್ನ ದೊಡ್ಡ ಆಸೆಯಾಗಿತ್ತು.

ಹನಿಕ್ರಿಸ್ಪ್ ಮನೆಯಲ್ಲಿ ಕಟ್ಟಬಹುದು, ಯಾಕೆಂದರೆ ಅದರ ಪೇಟೆಂಟ್ 2008ಕ್ಕೇ ಮುಗಿಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದವರು 1960ರಲ್ಲಿ ಮಾಡಿದ ಸಂಕರ, ಬಿಡುಗಡೆ ಆಗಿದ್ದು 1991ರಲ್ಲಿ. ನಡುವೆ ಒಮ್ಮೆ ಕಿತ್ತೆಸೆಯುವ ಪಟ್ಟಿಗೂ ಸೇರಿತ್ತು. ಇನ್ನೂ ಹೊಸವು ಬೇಕೆಂದರೆ ಆಗುವುದಿಲ್ಲ. 2019ರಲ್ಲಿ ಅಂಗಡಿಗೆ ಬಂದ ಕಾಸ್ಮಿಕ್ ಕ್ರಿಸ್ಪ್‌ಗೆ ಪೇಟೆಂಟ್ ಇದೆ. ನಮ್ಮ ಪಕ್ಕದ ಜಿನೀವಾ ಅನ್ನೋ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ತಯಾರಿಸಿದ ಸ್ನಾಪ್‌ಡ್ರ್ಯಾಗನ್ ನನಗೆ ಬಹಳ ಇಷ್ಟ, ಆದರೆ ಅದನ್ನು ಬೆಳೆಯುವ ಹಕ್ಕು ಈ ರಾಜ್ಯದ ಬೆಳೆಗಾರರ ಒಂದು ಕೂಟಕ್ಕೆ ಮಾತ್ರ. ಕಡ್ಡಿ ಕದ್ದು ಕಟ್ಟುವವರೂ ಇದ್ದಾರೆ. ನಾನು ಕಟ್ಟುವುದಿಲ್ಲ. ಒಂದು ತಳಿಯ ಹಿಂದೆ ಮೂವತ್ತು ವರ್ಷ ದುಡಿದವರಿಗೆ ಇಪ್ಪತ್ತು ವರ್ಷದ ಹಕ್ಕು ಇರಲಿ. ಹಣ್ಣು ಅಂಗಡಿಯಲ್ಲಿ ಸಿಗುತ್ತದೆ.

2023. ಕಷ್ಟದ ವರ್ಷ. ಮೇ 18ರ ಬೆಳಗಿನ ಜಾವ ಬಿದ್ದ ಕೊರೆಯುವ ಚಳಿಗೆ ರಾಜ್ಯದ ಎಷ್ಟೋ ತೋಟಗಳಲ್ಲಿ ಎಳೆಕಾಯಿ ಸತ್ತುಹೋದವು. ನಮ್ಮ ಮರದಲ್ಲೂ ಹಳೇ ಕೊಂಬೆಯ ಕಾಯಿ ಮುಕ್ಕಾಲು ಪಾಲು ಉದುರಿತು. ಜೂನಿನಲ್ಲಿ ಫೈರ್ ಬ್ಲೈಟ್. ಸ್ಪಿಟ್ಜೆನ್‌ಬರ್ಗ್ ಅಂದುಕೊಂಡಿದ್ದ ಕೊಂಬೆಯ ಒಂದು ಚಿಗುರು ತುದಿ ಬಾಗಿ, ಎಲೆ ಬೆಂಕಿಗೆ ಹಿಡಿದ ಹಾಗೆ ಕಪ್ಪಾಗಿ, ಉದುರದೆ ನೇತಾಡುತ್ತಿತ್ತು. ಇದು ಬ್ಯಾಕ್ಟೀರಿಯಾ ರೋಗ, ಒಂದು ಸಲ ಕಾಂಡಕ್ಕೆ ಇಳಿದರೆ ಮರವೇ ಹೋಗುತ್ತದೆ. ಕಪ್ಪು ಮುಗಿದಲ್ಲಿಂದ ಒಂದಡಿ ಕೆಳಗೆ, ಒಣ ಹವೆ ನೋಡಿ, ಪ್ರತಿ ಕೊಯ್ತಕ್ಕೂ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕೊಯ್ದೆ. ಆ ವಾರ ಪೂರ್ತಿ ದಿನಕ್ಕೆರಡು ಸಲ ಮರದ ಸುತ್ತ ಓಡಾಡಿದ್ದೇನೆ. ಇನ್ನೆರಡು ಕಡೆ ಸಿಕ್ಕಿತು, ಅದನ್ನೂ ತೆಗೆದೆ. ಕಾರಣ ನನಗೆ ಗೊತ್ತಿತ್ತು, ಕಸಿ ಬೇಗ ಬೆಳೆಯಲಿ ಅಂತ ಏಪ್ರಿಲ್‌ನಲ್ಲಿ ಗೊಬ್ಬರ ಜಾಸ್ತಿ ಹಾಕಿದ್ದೆ. ಮೆತ್ತಗೆ ಸೊಕ್ಕಿ ಬೆಳೆದ ಚಿಗುರೇ ಈ ರೋಗಕ್ಕೆ ಇಷ್ಟ. ಆಮೇಲೆ ಗೊಬ್ಬರ ನಿಲ್ಲಿಸಿದೆ, ಬುಡಕ್ಕೆ ಮರದ ಚೂರು ಹಾಸುವುದಷ್ಟೇ.

2024. ಮೊದಲ ಹಣ್ಣುಗಳು. ಲಿಬರ್ಟಿ ಹನ್ನೊಂದು. ಇದೂ ಜಿನೀವಾದ್ದೇ, 1978ರದು. ಜಪಾನಿನ ಒಂದು ಕಾಡುಸೇಬಿನಿಂದ ಬಂದ ಗುಣ ಇದರಲ್ಲಿದೆ, ಎಲೆಗೆ ಕಜ್ಜಿ ರೋಗ ತಟ್ಟುವುದಿಲ್ಲ. ಹಳೇ ಕೊಂಬೆಯ ಎಲೆಗಳೆಲ್ಲ ಮಚ್ಚೆ ಮಚ್ಚೆಯಾಗಿ ಉದುರುವಾಗ ಈ ಕೊಂಬೆ ಒಂದೇ ಹಸಿರಾಗಿ ನಿಂತಿತ್ತು. ಹಣ್ಣು ಚೆನ್ನಾಗಿದೆ, ಹುಳಿ ಸಿಹಿ ಎರಡೂ ಇದೆ. ಔಷಧಿ ಹೊಡೆಯೋಕೆ ಇಷ್ಟ ಇಲ್ಲದವರು ಒಂದೇ ಒಂದು ಮರ ಹಾಕುವುದಾದರೆ ಇದನ್ನು ಹಾಕಿ. ಹನಿಕ್ರಿಸ್ಪ್ ನಾಲ್ಕು, ಅದರಲ್ಲಿ ಎರಡಕ್ಕೆ ಸಿಪ್ಪೆ ಕೆಳಗೆ ಕಂದು ಗುಂಡಿ, ಹಣ್ಣಿಗೆ ಸುಣ್ಣದಂಶ ಸಾಲದಿದ್ದರೆ ಹೀಗಾಗುತ್ತದೆ. ಉಳಿದೆರಡು ಕಚ್ಚಿದರೆ ಕಬ್ಬಿನ ಹಾಗೆ ಸಿಡಿದು ಬಾಯಿ ತುಂಬ ರಸ. ಆ ಗರಿಗರಿ ಬೇರೆ ಯಾವ ಹಳೇ ಸೇಬಿಗೂ ಇಲ್ಲ, ಒಪ್ಪಲೇಬೇಕು.

ರಸೆಟ್ ಹೊರಗೆ ನೋಡಿದರೆ ಸಪೋಟ ಸಿಪ್ಪೆ. ಅದೇ ಒರಟು, ಅದೇ ಕಂದು ಚಿನ್ನದ ಬಣ್ಣ. ಮಗಳು ಮುಟ್ಟಲೇ ಇಲ್ಲ. ಹೆಚ್ಚಿ ತಟ್ಟೆಯಲ್ಲಿ ಇಟ್ಟ ಮೇಲೆ ಅದೇ ಮೊದಲು ಖಾಲಿ. ಕಿತ್ತ ದಿನ ತಿನ್ನಬಾರದು, ಎರಡು ತಿಂಗಳು ತಣ್ಣಗಿಟ್ಟರೆ ಹುಳಿ ಇಳಿದು, ಸಿಪ್ಪೆ ಸ್ವಲ್ಪ ಸುಕ್ಕಾಗಿ, ಒಳಗೆ ಬೆಲ್ಲದ ಪಾಕದ ಹಾಗೆ ದಟ್ಟ ಸಿಹಿ. ಕ್ರಿಸ್‌ಮಸ್ ರಜೆಯಲ್ಲಿ ಕೊನೆಯದನ್ನು ತಿಂದೆವು. ನನ್ನನ್ನು ಕೇಳಿದರೆ ಈ ಮರದ ಅತಿ ಒಳ್ಳೆಯ ಹಣ್ಣು ಇದು.

ಸ್ಪಿಟ್ಜೆನ್‌ಬರ್ಗ್ ಕೊಂಬೆಯಲ್ಲಿ ಮೂರು ಕಾಯಿ ನಿಂತಿತ್ತು. ಆಗಸ್ಟ್ ಮಧ್ಯದಲ್ಲೇ ತಿಳಿ ಹಳದಿಯಾಗಿ ಮೆತ್ತಗಾಗಿ ಬಿದ್ದವು. ಸ್ಪಿಟ್ಜೆನ್‌ಬರ್ಗ್ ಕೆಂಪು, ಅದು ಹಣ್ಣಾಗುವುದು ಅಕ್ಟೋಬರಿನಲ್ಲಿ. ಅಂದರೆ ಅಂಚೆಯಲ್ಲಿ ಬಂದ ಕಡ್ಡಿ ಬೇರೆ ಯಾವುದೋ ಬೇಸಿಗೆ ಸೇಬಿನದು. ಮೂರು ವರ್ಷ ಕಾದು, ರೋಗದಿಂದ ಉಳಿಸಿ, ಕೊನೆಗೆ ಹೀಗೆ. ಬಹಳ ಬೇಜಾರಾಯಿತು. ಮಾರಿದವರಿಗೆ ಬರೆದೆ, ದುಡ್ಡು ವಾಪಸ್ ಕೊಟ್ಟರು, ಆದರೆ ಹೋದ ಮೂರು ವರ್ಷ ಹೋಯಿತು. ಆ ಅಕ್ಟೋಬರಿನಲ್ಲಿ ಒಂದು ಹಳೇ ತೋಟ ಹುಡುಕಿಕೊಂಡು ಹೋಗಿ, ನಿಜವಾದ ಸ್ಪಿಟ್ಜೆನ್‌ಬರ್ಗನ್ನು ಮರದ ಕೆಳಗೇ ನಿಂತು ತಿಂದು, ತೋಟದವರನ್ನು ಕೇಳಿ ಅದೇ ಕೊಂಬೆಗೆ ರಿಬ್ಬನ್ ಕಟ್ಟಿ ಬಂದೆ. 2025ರ ಮಾರ್ಚಿನಲ್ಲಿ ಹೋಗಿ ಕಡ್ಡಿ ತಂದು ಮೇನಲ್ಲಿ ಕಟ್ಟಿದೆ. ಈಗ ಎರಡೂವರೆ ಅಡಿ ಬೆಳೆದಿದೆ. ಹಣ್ಣು ತಿಂದು ನೋಡದ ಮರದ ಕಡ್ಡಿ ಇನ್ನು ಕಟ್ಟುವುದಿಲ್ಲ.

ಹೆಸರಿನ ಚೀಟಿ ಬಗ್ಗೆ ಒಂದು ಮಾತು. ಮಾರ್ಕರಿನಲ್ಲಿ ಬರೆದದ್ದು ಒಂದೇ ಬೇಸಿಗೆಗೆ ಮಾಸಿಹೋಯಿತು. ತೆಳು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರ ಅಚ್ಚಾಗುತ್ತದೆ. ತಂತಿಯನ್ನು ಕೊಂಬೆಗೆ ಸಡಿಲ ಬಿಡಿ, ಇಲ್ಲದಿದ್ದರೆ ಕೊಂಬೆ ದಪ್ಪಗಾದಾಗ ಕತ್ತು ಹಿಸುಕುತ್ತದೆ. ನಾನು ಕನ್ನಡದಲ್ಲೇ ಬರೆದಿದ್ದೇನೆ.

ಸೆಪ್ಟೆಂಬರ್ 2025ರ ಕೊನೆಯಲ್ಲಿ ಹಾಕ್‌ಐ ಆರು ಹಣ್ಣು ಬಿಟ್ಟಿತು. ಗೆರೆ ಗೆರೆ ಕೆಂಪು, ನಡುವೆ ಹಳದಿ ಇಣುಕುತ್ತದೆ. ಹಳೇ ಕೊಂಬೆಯ ಕಡುಕೆಂಪು ಹಣ್ಣಿನ ಪಕ್ಕ ಇಟ್ಟು ಕಣ್ಣು ಮುಚ್ಚಿ ತಿಂದೆವು. ಯಾವುದು ಯಾವುದು ಅಂತ ಹೇಳೋಕೆ ಕಷ್ಟವೇ ಆಗಲಿಲ್ಲ. ಹಾಕ್‌ಐ ಸಿಪ್ಪೆ ತೆಳು, ಕಹಿ ಇಲ್ಲ, ಪರಿಮಳ ಮೂಗಿಗೆ ಬರುತ್ತದೆ. ಜ್ವರ ಬಂದಾಗ ಅಪ್ಪ ತರುತ್ತಿದ್ದ ಹಣ್ಣು ಬಾಯಿಗೆ ಬಂದ ಹಾಗಾಯಿತು.

ಸ್ಪೈ ಮಾತ್ರ ಇನ್ನೂ ಒಂದು ಹೂವನ್ನೂ ಬಿಟ್ಟಿಲ್ಲ. ಅದು ಇರುವುದೇ ಹಾಗೆ, ನೆಟ್ಟ ಗಿಡ ಹತ್ತು ಹನ್ನೆರಡು ವರ್ಷ ಕಾಯಿಸುವುದೂ ಉಂಟು. ದೊಡ್ಡ ಮರಕ್ಕೆ ಕಟ್ಟಿದ್ದರಿಂದ ಬೇಗ ಬರಬಹುದು. ಸದ್ಯಕ್ಕೆ ಪಕ್ಕದ ಮನೆಯ ಸ್ಪೈ ಕಾಯಿ ತುರಿದು, ಮಾವಿನಕಾಯಿ ಬದಲು ಚಿತ್ರಾನ್ನಕ್ಕೆ ಹಾಕುತ್ತೇನೆ, ಆ ಹುಳಿ ಸರಿಯಾಗಿ ಹೊಂದುತ್ತದೆ. ಅವರಿಗೂ ಒಂದು ಡಬ್ಬಿ ಕಳಿಸುತ್ತೇನೆ.

ಮೊನ್ನೆ ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಮೊಲ ಕಡಿಯದ ಹಾಗೆ ಬುಡಕ್ಕೆ ತಂತಿ ಜಾಲರಿ ಸುತ್ತೋಕೆ ಹೋಗಿದ್ದೆ. ಮುಂದಿನ ವರ್ಷದ ಹೂಮೊಗ್ಗು ಈ ಬೇಸಿಗೆಯಲ್ಲೇ ಕಟ್ಟಿರುತ್ತದೆ, ಎಲೆಮೊಗ್ಗು ಚಪ್ಪಟೆಯಾಗಿ ಕಡ್ಡಿಗೆ ಅಂಟಿಕೊಂಡಿದ್ದರೆ ಹೂಮೊಗ್ಗು ಗುಂಡಗೆ ದಪ್ಪಗೆ, ಮೇಲೆ ಬೂದು ಬಣ್ಣದ ನುಣ್ಣನೆ ರೋಮ. ಏಣಿ ಹಾಕಿ ಸ್ಪೈ ಕೊಂಬೆಯನ್ನು ತುದಿಯವರೆಗೆ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ. ಅಂಥವು ಏಳು ಸಿಕ್ಕಿದವು. ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಹಿರಿಯರನ್ನು ಕೂಗಿ ಕರೆದು ತೋರಿಸಿದೆ. ಅವರೂ ಏಣಿ ಹತ್ತಿ ಎಣಿಸಿದರು.